ಮಣ್ಣಿನೊಳಗಿನ ರಾಕ್ಷಸ ಯಾರು?

1974ರಲ್ಲಿ ಅಮೇರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದಲ್ಲಿ ನೆಲ ಕೊರೆದು ಬಂದು ಮನುಷ್ಯರನ್ನು ನುಂಗುವ ದೈತ್ಯ ಹುಳುವಿದೆ. ಅದು ಕಟ್ಟುಕಥೆಯೆಂದು ಆಡುವವರು ಬಲ್ಲರು. ನಾವಾದರೋ ಕಟ್ಟುಕಥೆಯನ್ನೇ ನಂಬಿ ಒಂದು ಬಡಪ್ರಾಣಿಯ ಜೀವ ತೆಗೆಯುತ್ತಿದ್ದೇವೆ.

ಅದೇ ಮಣ್ಣುಮುಕ್ಕ ಹಾವು. ಮರಾಠಿಯಲ್ಲಿ ಮಾಂಡೂಳ ಎನ್ನುವರು. ಬಾಲವು ತಲೆಯಂತೆ ಮೊಂಡಾಗಿರುವುದರಿಂದ ‘ಎರಡು ತಲೆ ಹಾವು’ ಎಂಬ ಹೆಸರೂ ಉಂಟು. ನಿಜವಾಗಿ ತಲೆ ಒಂದೇ. ಅದಕ್ಕೆ ವಿಷವಿಲ್ಲ. ಸಡಿಲ ಮಣ್ಣಿನಲ್ಲಿ ಹುದುಗಿದ್ದು ಇಲಿಗಳನ್ನು ಹಿಡಿದು ತಿನ್ನುತ್ತದೆ. ಕಬ್ಬು, ಶೇಂಗಾ ಬೆಳೆಯುವ ನಮ್ಮ ಕೊಲ್ಲಾಪುರ, ಗಡಹಿಂಗ್ಲಜ ಸೀಮೆಯ ರೈತನಿಗೆ ಇಂಥ ಗೆಳೆಯ ಬೇಕೇ ಬೇಕು.

ಈ ಹಾವು ನಿಧಿ ತೋರಿಸುವುದೆಂದು ನಂಬಿಸಿ ಲಕ್ಷಗಟ್ಟಲೆ ರೂಪಾಯಿ ಕೀಳುವವರಿದ್ದಾರೆ. ಹಾವಿಗೆ ನಿಧಿ ಗೊತ್ತಿದ್ದರೆ ಮಾರುವವನೇ ಅಗೆದುಕೊಳ್ಳುತ್ತಿರಲಿಲ್ಲವೇ? ಕೊಂಡವನು ಮೋಸಹೋಗುತ್ತಾನೆ, ಹಾವು ಸಾಯುತ್ತದೆ, ಹೊಲದಲ್ಲಿ ಇಲಿ ಹೆಚ್ಚುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಹಿಡಿದವನೂ ಅಪರಾಧಿ, ಕೊಂಡವನೂ ಅಪರಾಧಿ.

ರಾಕ್ಷಸನನ್ನು ಹುಡುಕಲು ನೆಲ ಅಗೆಯಬೇಕಾಗಿಲ್ಲ. ನಮ್ಮ ಆಸೆಯನ್ನು ನೋಡಿಕೊಂಡರೆ ಸಾಕು. ವಿದ್ಯಾರ್ಥಿಗಳಾದ ನಾವು ಈ ಮಾತನ್ನು ಮನೆಯ ಹಿರಿಯರಿಗೆ ತಿಳಿಸೋಣ. ಹೊಲದಲ್ಲಿ ಮಣ್ಣುಮುಕ್ಕ ಕಂಡರೆ ಅದರ ಪಾಡಿಗೆ ಬಿಟ್ಟುಬಿಡೋಣ.