ಊರುಗೋಲಿಗೆ ನಾಚಿಕೆಯೇಕೆ?

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವನ್ನು 1868ರಲ್ಲಿ ಪ್ಯಾರಿಸಿನ ವೈದ್ಯ ಷಾರ್ಕೊ ಸ್ಪಷ್ಟವಾಗಿ ನಿರೂಪಿಸಿದರು. ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು ಹಾಗೂ ಬೆನ್ನುಹುರಿಯ ನರತಂತುಗಳ ಮೈಲಿನ್ ಹೊದಿಕೆಗೆ ಹಾನಿಮಾಡುತ್ತದೆ. ಆಗ ಕಾಲು ತೊಡರುತ್ತದೆ, ಸಮತೋಲ ತಪ್ಪುತ್ತದೆ.

ಇಂಥವರು ಶ್ರಮಪಡಬಾರದೆಂದು ಹಿಂದೆ ವೈದ್ಯರೇ ಹೇಳುತ್ತಿದ್ದರು. ಇಂದಿನ ಅಭಿಪ್ರಾಯ ಬೇರೆ. ಫಿಸಿಯೋಥೆರಪಿ ತಜ್ಞರ ಮಾರ್ಗದರ್ಶನದಲ್ಲಿ ಕುರ್ಚಿಯಿಂದ ಏಳುವುದು, ಆಸರೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ದಿಕ್ಕು ಬದಲಿಸಿ ನಡೆಯುವುದು ಮುಂತಾದವನ್ನು ನಿತ್ಯವೂ ಅಭ್ಯಾಸಮಾಡಿದರೆ ಸಮತೋಲ ಸುಧಾರಿಸಬಲ್ಲದು. ಇದರಿಂದ ರೋಗ ವಾಸಿಯಾಗದು. ನಡೆಯುವ ಧೈರ್ಯ ಮರಳೀತು. ಮೈ ಬಿಸಿಯೇರಿದಾಗ ತೊಂದರೆ ತಾತ್ಕಾಲಿಕವಾಗಿ ಹೆಚ್ಚುವುದರಿಂದ ಅಭ್ಯಾಸಕ್ಕೆ ತಂಪು ಹೊತ್ತು ಲೇಸು.

ನಮ್ಮ ಕುಟುಂಬಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ "ನೀನು ಏಳಬೇಡ, ಬಿದ್ದೀಯೆ" ಎಂಬ ಪ್ರೀತಿಯ ಮಾತೇ ರೋಗಿಯ ಆತ್ಮವಿಶ್ವಾಸವನ್ನು ಕುಗ್ಗಿಸುತ್ತದೆ. ಊರುಗೋಲು ಹಿಡಿದು ಭಾನುವಾರದ ಬಲಿಪೂಜೆಗೆ ಬರಲು ನಾಚಿ ಮನೆಯಲ್ಲೇ ಉಳಿಯುವವರೂ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಈ ರೋಗವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಕಾನೂನು ಮನ್ನಿಸಿದವರನ್ನು ಮನೆಯವರು ಮರೆಮಾಡುವುದು ತರವಲ್ಲ. ಪ್ರಿಯ ಓದುಗರೇ, ಅವರನ್ನು ಕೂರಿಸಿ ಕಾಯುವ ಬದಲು, ಅವರ ಹೆಜ್ಜೆಗೆ ಹೊಂದಿಕೊಂಡು ಜೊತೆಯಲ್ಲಿ ನಡೆಯೋಣ.