ಡಿಲೀಟ್ ಆದ ಫೋಟೋ ಎಲ್ಲಿಗೂ ಹೋಗಿರುವುದಿಲ್ಲ, ಕಳೆಯುವವರು ನಾವೇ

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದರು. ಮಲಪ್ರಭಾ ದಂಡೆಯ ಊರಿನವರು. 2019ರ ಆಗಸ್ಟ್‌ನಲ್ಲಿ ಹೊಳೆ ಏರಿದಾಗ ಅವರ ಮನೆಯ ಹಿಂದಿನ ಗೋಡೆ ಪೂರ್ತಿ ಕುಸಿದಿತ್ತು. ಅವತ್ತು ನಾವು ಟ್ರ್ಯಾಕ್ಟರ್ ಹತ್ತಿ ಆ ಊರಿಗೆ ಹೋಗಿ, ಓಣಿ ಓಣಿ ತಿರುಗಿ ಫೋಟೋ ತೆಗೆದಿದ್ದೆವು. ಅದರಲ್ಲಿ ಒಂದೆರಡು ಪತ್ರಿಕೆಯಲ್ಲಿ ಬಂದವು. ನಮಗೆ ಮರೆತುಹೋಗಿತ್ತು, ಅಜ್ಜಿಗೆ ಮರೆತಿರಲಿಲ್ಲ.

"ಅವತ್ತು ನೀವು ಫೋಟೋ ಹೊಡಕೊಂಡು ಹೋಗಿದ್ರಲ್ಲ, ನಮ್ಮ ಮನಿದು ಒಂದು ಕೊಡ್ರಿ. ಅರ್ಜಿ ಜೋಡಿ ಹಚ್ಚಬೇಕಂತ" ಎಂದರು.

ಚಹಾ ಕೊಟ್ಟು ಕೂರಿಸಿ ಕಂಪ್ಯೂಟರ್ ಶುರು ಮಾಡಿದೆವು. ಐದು ನಿಮಿಷದ ಕೆಲಸ ಎಂದುಕೊಂಡಿದ್ದೆವು. ಅರ್ಧ ಗಂಟೆ ಹುಡುಕಿದರೂ ಫೋಲ್ಡರ್ ಸಿಗಲಿಲ್ಲ. ಆಮೇಲೆ ನೆನಪಾಯಿತು. ಮೂರು ವಾರದ ಹಿಂದೆ ಹಾರ್ಡ್ ಡಿಸ್ಕ್ ತುಂಬಿ ಕೆಂಪು ಪಟ್ಟಿ ತೋರಿಸುತ್ತಿತ್ತು. ಜಾಗ ಮಾಡಲೆಂದು 'ನ್ಯೂ ಫೋಲ್ಡರ್ 2' ಎಂಬ ಹೆಸರಿನದನ್ನು ಆರಿಸಿ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ದೆವು. ಶಾಶ್ವತವಾಗಿ ಅಳಿಸಬೇಕೇ ಎಂದು ಅದು ಕೇಳಿತ್ತು. ನಾವು ಓದದೆ ಎಂಟರ್ ಒತ್ತಿದ್ದೆವು. ನೆರೆಯ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಹೆಸರು ಕೊಡಲು ಸೋಮಾರಿತನ ಮಾಡಿದ್ದರ ಫಲ.

ಅಜ್ಜಿಗೆ "ನಾಳೆ ಬರ್ರಿ" ಎಂದು ಹೇಳಿ ಕಳಿಸಿದೆವು. ಆ ಮಾತು ಹೇಳುವಾಗ ಬಾಯಿ ಒಣಗಿತ್ತು. ಕಚೇರಿಗಳಲ್ಲಿ ಜನರಿಗೆ ಹೇಳುವ ಮಾತೂ ಅದೇ ಅಲ್ಲವೇ?

ಅವತ್ತಿನಿಂದ ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇವೆ. ನಿಮ್ಮ ಮನೆಯಲ್ಲೂ ಒಂದು ಹಳೆಯ ಕಂಪ್ಯೂಟರ್ ಇರಬಹುದು. ಮಗಳ ಕಾಲೇಜಿನ ಪ್ರಾಜೆಕ್ಟ್, ಸ್ವಸಹಾಯ ಸಂಘದ ಲೆಕ್ಕ, ತೀರಿಹೋದ ಅಪ್ಪನ ಒಂದೇ ಒಂದು ವಿಡಿಯೋ ಅದರಲ್ಲಿ ಇರಬಹುದು.

ಮೊದಲು ಒಂದು ವಿಷಯ ತಿಳಿದಿರಲಿ. ಡಿಲೀಟ್ ಒತ್ತಿದ ಕೂಡಲೇ ಫೈಲ್ ಅಳಿದುಹೋಗುವುದಿಲ್ಲ. ಪಹಣಿಯಲ್ಲಿ ಹೆಸರು ಹೊಡೆದು ಹಾಕಿದರೆ ಹೊಲದಲ್ಲಿ ನಿಂತ ಜೋಳ ಆ ಕ್ಷಣವೇ ಒಣಗುತ್ತದೆಯೇ? ಇಲ್ಲ. ಬೇರೆಯವರು ಬಂದು ರಂಟೆ ಹೊಡೆಯುವವರೆಗೆ ಬೆಳೆ ನಿಂತೇ ಇರುತ್ತದೆ. ಕಂಪ್ಯೂಟರ್ ಮಾಡುವುದೂ ಅಷ್ಟೇ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯಲ್ಲಿ 'ಈ ಜಾಗ ಖಾಲಿ' ಎಂದು ಗುರುತು ಹಾಕುತ್ತದೆ. ಫೋಟೋ ಡಿಸ್ಕಿನ ಮೇಲೆ ಹಾಗೆಯೇ ಉಳಿದಿರುತ್ತದೆ. ಹೊಸ ಫೈಲ್ ಬಂದು ಅದೇ ಜಾಗದಲ್ಲಿ ಕುಳಿತಾಗ ಮಾತ್ರ ಹಳೆಯದು ನಿಜವಾಗಿ ಹೋಗುತ್ತದೆ.

ಆದ್ದರಿಂದ ಫೈಲನ್ನು ಕೊಲ್ಲುವುದು ಡಿಲೀಟ್ ಗುಂಡಿಯಲ್ಲ. ಡಿಲೀಟ್ ಆದಮೇಲೆ ನಾವು ಮಾಡುವ ಕೆಲಸ ಕೊಲ್ಲುತ್ತದೆ. ಮೂರು ವಾರ ನಾವು ಅದೇ ಕಂಪ್ಯೂಟರಿನಲ್ಲಿ ಸುದ್ದಿ ಬರೆದೆವು, ವಿಡಿಯೋ ಇಳಿಸಿಕೊಂಡೆವು, ಮದುವೆ ಫೋಟೋ ತುಂಬಿದೆವು. ಪ್ರತಿ ದಿನ ಒಂದಿಷ್ಟು ಹೊಲ ಉತ್ತೆವು.

ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಇನ್ನೊಂದಿದೆ. ಫೈಲ್ ಹೋಯಿತು ಎಂದು ಗೊತ್ತಾದ ಕೂಡಲೇ ಅದೇ ಕಂಪ್ಯೂಟರಿನಲ್ಲಿ ರಿಕವರಿ ಸಾಫ್ಟ್‌ವೇರ್ ಹುಡುಕಿ, ಅದೇ ಡಿಸ್ಕಿಗೆ ಹಾಕಿಕೊಳ್ಳುತ್ತಾರೆ. ಕಳೆದ ಉಂಗುರ ಹುಡುಕಲು ಅದೇ ಕಣದಲ್ಲಿ ಎತ್ತು ತುಳಿಸಿದ ಹಾಗೆ. ಆ ಸಾಫ್ಟ್‌ವೇರೇ ನಿಮ್ಮ ಫೋಟೋ ಇದ್ದ ಜಾಗದಲ್ಲಿ ಹೋಗಿ ಕೂರಬಹುದು. ಬಿಟ್ಟಿ ಸಿಗುತ್ತದೆಂದು ಕಳ್ಳ ಪ್ರತಿ ಹಾಕಿಕೊಂಡರೆ ಅದರ ಜೊತೆ ವೈರಸ್ಸೂ ಬಂದೀತು.

ಹಾಗಾದರೆ ಏನು ಮಾಡಬೇಕು?

ಈಗಷ್ಟೇ ಡಿಲೀಟ್ ಮಾಡಿದ್ದರೆ ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಿ ನೋಡಿ. ಸಾಮಾನ್ಯ ಡಿಲೀಟ್ ಆಗಿದ್ದರೆ ಮರಳಿ ಬರುತ್ತದೆ. ಇಲ್ಲದಿದ್ದರೆ ರಿಸೈಕಲ್ ಬಿನ್ ತೆರೆದು, ಫೈಲ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ರಿಸ್ಟೋರ್ ಆರಿಸಿ. 1995ರ ವಿಂಡೋಸ್ 95ರಿಂದ ಈ ಬುಟ್ಟಿ ಇದೆ, ಆದರೂ ಎಷ್ಟೋ ಜನ ತೆರೆದು ನೋಡಿರುವುದಿಲ್ಲ. ಶಿಫ್ಟ್ ಹಿಡಿದು ಅಳಿಸಿದ್ದು ಈ ಬುಟ್ಟಿಗೆ ಬರುವುದಿಲ್ಲ. ಪೆನ್ ಡ್ರೈವ್, ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಅಳಿಸಿದ್ದೂ ಸಾಮಾನ್ಯವಾಗಿ ಬರುವುದಿಲ್ಲ.

ಬುಟ್ಟಿಯಲ್ಲೂ ಇಲ್ಲವೆಂದರೆ ಕಂಪ್ಯೂಟರ್ ಬಂದ್ ಮಾಡಿ. ಇದೇ ಅತಿ ಮುಖ್ಯ ಕೆಲಸ. ನೀವು ಏನೂ ಮಾಡದೆ ಕುಳಿತರೂ ಅದು ಒಳಗೊಳಗೆ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ತಾತ್ಕಾಲಿಕ ಫೈಲ್ ಬರೆಯುತ್ತಿರುತ್ತದೆ. ಆಮೇಲೆ ತಿಳಿದವರ ಕೈಯಿಂದ ಡಿಸ್ಕ್ ಬಿಚ್ಚಿಸಿ, ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಅಲ್ಲಿಂದ ಹುಡುಕಬೇಕು. ಸಿಕ್ಕ ಫೈಲನ್ನು ಬೇರೆ ಡಿಸ್ಕಿನಲ್ಲಿ ಉಳಿಸಬೇಕು, ಅದೇ ಡಿಸ್ಕಿನಲ್ಲಿ ಅಲ್ಲ.

ಹುಡುಕಲು ದುಡ್ಡು ಕೊಡಲೇಬೇಕು ಎಂದೇನಿಲ್ಲ. ಫೋಟೋರೆಕ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. ಹೆಸರು ಫೋಟೋ ಎಂದಿದ್ದರೂ ವಿಡಿಯೋ, ವರ್ಡ್ ಫೈಲುಗಳನ್ನೂ ಹುಡುಕುತ್ತದೆ. ರೆಕುವಾ ಎಂಬುದರಲ್ಲೂ ಉಚಿತ ಆವೃತ್ತಿ ಇದೆ. ಮೈಕ್ರೋಸಾಫ್ಟ್ ಕಂಪನಿಯೇ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬುದನ್ನು ಉಚಿತವಾಗಿ ಕೊಟ್ಟಿತು. ಅದರಲ್ಲಿ ಗುಂಡಿಗಳಿಲ್ಲ, ಆಜ್ಞೆ ಟೈಪ್ ಮಾಡಬೇಕು, ಅಷ್ಟೇ.

ಎರಡು ಎಚ್ಚರಿಕೆ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಯಾವ ಸಾಫ್ಟ್‌ವೇರನ್ನೂ ಓಡಿಸಬೇಡಿ. ಅದು ಯಂತ್ರವೇ ಕೆಟ್ಟಿರುವ ಲಕ್ಷಣ, ಓಡಿಸಿದಷ್ಟೂ ಹಾಳು. ಎರಡನೆಯದು, ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರುತ್ತದೆ. ಯಾವ ಜಾಗ ಖಾಲಿಯಾಯಿತು ಎಂದು ಕಂಪ್ಯೂಟರ್ ಅದಕ್ಕೆ ತಿಳಿಸುತ್ತದೆ, ಅದು ತಾನೇ ಆ ಜಾಗ ಗುಡಿಸಿಬಿಡುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. ಹಾಗಾಗಿ ಎಸ್‌ಎಸ್‌ಡಿಯಿಂದ ಅಳಿಸಿದ್ದು ಮರಳಿ ಸಿಗುವ ಆಸೆ ತೀರಾ ಕಡಿಮೆ. ಯಂತ್ರ ಹೊಸದಾದಷ್ಟೂ ನಮ್ಮ ತಪ್ಪಿಗೆ ಕ್ಷಮೆ ಕಡಿಮೆಯಾಗುತ್ತಿದೆ.

ಇಷ್ಟು ಗೊತ್ತಾದಮೇಲೆ ನಾವು ನಮ್ಮ ಡಿಸ್ಕನ್ನು ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯನ ಹತ್ತಿರ ಒಯ್ದೆವು. ನಮ್ಮದು ಹಳೆಯ ಹಾರ್ಡ್ ಡಿಸ್ಕ್, ಅದೇ ಪುಣ್ಯ. ಇಡೀ ರಾತ್ರಿ ಫೋಟೋರೆಕ್ ಓಡಿತು. ಬೆಳಿಗ್ಗೆ ಸಾವಿರಾರು ಫೋಟೋ ಬಂದು ಬಿದ್ದಿದ್ದವು. ಫೋಲ್ಡರ್ ಇಲ್ಲ, ಹೆಸರಿಲ್ಲ, ಬರೀ ಉದ್ದುದ್ದ ಸಂಖ್ಯೆ. ಆದರೆ ಕ್ಯಾಮೆರಾ ತೆಗೆದ ಫೋಟೋದ ಒಳಗೆ ತೆಗೆದ ದಿನಾಂಕ ಉಳಿದಿರುತ್ತದೆ. ಆ ದಿನಾಂಕ ಹಿಡಿದು ಒಂದೊಂದೇ ಆರಿಸಿದೆವು. ನೆರೆಯ ಸುಮಾರು 400 ಫೋಟೋಗಳಲ್ಲಿ 150ರಷ್ಟು ಸರಿಯಾಗಿ ಸಿಕ್ಕವು.

ಅಜ್ಜಿಯ ಮನೆಯದೂ ಸಿಕ್ಕಿತು. ಅರ್ಧ. ಮೇಲಿನ ಅರ್ಧದಲ್ಲಿ ಮೋಡದ ಆಕಾಶ, ಜಂತಿ, ಮಾಳಿಗೆಯ ಅಂಚು. ಕೆಳಗಿನ ಅರ್ಧ ಪೂರ್ತಿ ಬೂದು ಬಣ್ಣ. ಬಿದ್ದ ಗೋಡೆ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಆ ಜಾಗದ ಮೇಲೆ ನಮ್ಮದೇ ಯಾವುದೋ ವಿಡಿಯೋ ಬಂದು ಕುಳಿತಿತ್ತು.

ಇದು ನಮ್ಮಂಥವರಿಗೆ ಮಾತ್ರ ಆಗುವ ಅನಾಹುತವೂ ಅಲ್ಲ. ಮಕ್ಕಳು ನೋಡುವ 'ಟಾಯ್ ಸ್ಟೋರಿ 2' ಚಿತ್ರ 1999ರಲ್ಲಿ ಬಂತು. ಅದರ ಹಿಂದಿನ ವರ್ಷ, ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ಇದೆಯಲ್ಲ ಎಂದು ತೆಗೆದು ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ. ಕೊನೆಗೆ ಉಳಿಸಿದ್ದು ಗೇಲಿನ್ ಸಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರ್. ಮಗು ಹುಟ್ಟಿದ್ದರಿಂದ ಅವರು ಮನೆಯಿಂದ ಕೆಲಸ ಮಾಡುತ್ತಿದ್ದರು, ಅದಕ್ಕಾಗಿ ಚಿತ್ರದ ಪ್ರತಿಯೊಂದು ಅವರ ಮನೆಯಲ್ಲಿತ್ತು. ಆ ಕಂಪ್ಯೂಟರಿಗೆ ಕಂಬಳಿ ಹೊದಿಸಿ ಕಾರಿನಲ್ಲಿ ಮೆಲ್ಲಗೆ ಸ್ಟುಡಿಯೋಗೆ ತಂದರು.

ಅಷ್ಟು ದೊಡ್ಡ ಸ್ಟುಡಿಯೋವನ್ನು ಉಳಿಸಿದ್ದು ರಿಕವರಿ ಸಾಫ್ಟ್‌ವೇರ್ ಅಲ್ಲ. ಬೇರೊಂದು ಮನೆಯಲ್ಲಿದ್ದ ಇನ್ನೊಂದು ಪ್ರತಿ.

ಅಜ್ಜಿಯನ್ನು ಉಳಿಸಿದ್ದೂ ಅದೇ. ನಮ್ಮ ಬಳಿ ಇಲ್ಲ ಎಂದು ಹೇಳಲು ಆ ಊರಿಗೇ ಹೋದೆವು. ಪಕ್ಕದ ಮನೆಯ ಹುಡುಗ, "ಸರ್, ಅವತ್ತ ನಾ ಕೇಳಿದ್ದಕ್ಕ ನೀವು ವಾಟ್ಸ್‌ಆ್ಯಪ್ ಮಾಡಿದ್ರಿ" ಎಂದು ಫೋನ್ ತೆಗೆದ. ಹಳೇ ಫೋನಿನಿಂದ ಹೊಸ ಫೋನಿಗೂ ಜೋಪಾನವಾಗಿ ತಂದುಕೊಂಡಿದ್ದ. ಚಿತ್ರ ಸಣ್ಣದು, ಸ್ವಲ್ಪ ಮಸುಕು, ಆದರೆ ಬಿದ್ದ ಗೋಡೆ, ಅದರ ಮುಂದೆ ನಿಂತ ಅಜ್ಜಿ ಎರಡೂ ಕಾಣುತ್ತಿದ್ದವು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ದಿನಾಂಕವೂ ಹೋಗುತ್ತದೆ. ಅದನ್ನೇ 'ಡಾಕ್ಯುಮೆಂಟ್' ಆಗಿ ಕಳಿಸಿದ್ದರೆ ಎರಡೂ ಉಳಿಯುತ್ತಿದ್ದವು. ಅವತ್ತು ನಮಗೆ ಅಷ್ಟು ತಿಳಿದಿರಲಿಲ್ಲ. ಆ ಫೋಟೋವನ್ನೇ ಪ್ರಿಂಟ್ ಹಾಕಿಸಿ ಅಜ್ಜಿ ಅರ್ಜಿಗೆ ಹಚ್ಚಿದ್ದಾರೆ. ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ಬ್ಯಾಕಪ್ ಎಂದರೆ ಪಟ್ಟಣದವರ ಶೋಕಿ ಎಂದು ನಾವು ಹಳ್ಳಿಯವರು ತಿಳಿದಿದ್ದೇವೆ. ಅದು ತಪ್ಪು. ಪಟ್ಟಣದವರಿಗೆ ಫೋಟೋ ಹೋದರೆ ನೆನಪು ಹೋಗುತ್ತದೆ. ನಮಗೆ ನೆನಪಿನ ಜೊತೆ ಪುರಾವೆಯೂ ಹೋಗುತ್ತದೆ. ಗೋಡೆ ಬಿದ್ದದ್ದು, ಬೆಳೆ ಮುಳುಗಿದ್ದು, ಬದು ಎಲ್ಲಿತ್ತು ಎಂಬುದು, ಸಂಘದಲ್ಲಿ ಯಾರು ಎಷ್ಟು ಕಟ್ಟಿದರು ಎಂಬುದು, ಇವೆಲ್ಲ ಈಗ ಫೈಲುಗಳು. ಒಂದೇ ಯಂತ್ರದಲ್ಲಿ ಒಂದೇ ಪ್ರತಿ ಇಟ್ಟರೆ ಬೀಜದ ಜೋಳವನ್ನೆಲ್ಲ ಒಂದೇ ಹಗೇವಿನಲ್ಲಿ ಇಟ್ಟ ಹಾಗೆ. ನೀರು ಇಳಿದರೆ ಎಲ್ಲವೂ ಹೋಯಿತು.

ಗೂಗಲ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಒಳ್ಳೆಯದೇ. ಆದರೆ ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಒಂದು ಫೋಟೋ ಡಿಲೀಟ್ ಮಾಡಿದರೆ ಫೋನಿನಲ್ಲೂ ಹೋಗುತ್ತದೆ, ಮೇಲೆ ಇಟ್ಟಿದ್ದೂ ಹೋಗುತ್ತದೆ. ಬ್ಯಾಕಪ್ ಆದದ್ದು ಕಸದ ಬುಟ್ಟಿಯಲ್ಲಿ 60 ದಿನ ಇದ್ದು ಆಮೇಲೆ ಪೂರ್ತಿ ಅಳಿಯುತ್ತದೆ. ಉಚಿತ ಜಾಗ 15 ಜಿಬಿ ಮಾತ್ರ, ಅದರಲ್ಲೇ ಇಮೇಲೂ ಸೇರಿದೆ. ಗೂಗಲ್ ಒಂದು ಪ್ರತಿಯಾಗಲಿ, ಒಂದೇ ಪ್ರತಿ ಆಗುವುದು ಬೇಡ.

ಫೋಟೋಗ್ರಾಫರುಗಳು ಹೇಳುವ ಒಂದು ಲೆಕ್ಕವಿದೆ: ಮೂರು, ಎರಡು, ಒಂದು. ಒಟ್ಟು ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಜಾಗದಲ್ಲಿರಲಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಕಂಪ್ಯೂಟರಿನಲ್ಲಿ, ಒಂದು ಪೆನ್ ಡ್ರೈವ್‌ನಲ್ಲಿ, ಒಂದು ತಂಗಿಯ ಊರಿನಲ್ಲಿ. ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ ಎತ್ತಿಗೆ ಕೆಲಸವಿಲ್ಲ. ಅದೇ ದಿನ ಪ್ರತಿ ಮಾಡಿಕೊಳ್ಳಿ, ಮಾಡಿದ್ದನ್ನು ತೆರೆದೂ ನೋಡಿ. ಫೋಲ್ಡರಿಗೆ ಊರು, ತಿಂಗಳು, ವರ್ಷ ಸೇರಿಸಿ ಹೆಸರಿಡಿ. 'ನ್ಯೂ ಫೋಲ್ಡರ್ 2' ಎಂದು ಮಾತ್ರ ಬಿಡಬೇಡಿ.

ಹಳೆಯ ಕಂಪ್ಯೂಟರ್ ಮಾರುವಾಗ ಇದೇ ಮಾತನ್ನು ತಿರುಗಿಸಿ ನೆನಪಿಡಿ. ಬರೀ ಡಿಲೀಟ್ ಮಾಡಿ ಕೊಟ್ಟರೆ ಕೊಂಡವನು ನಿಮ್ಮ ಮನೆಯ ಫೋಟೋ, ಆಧಾರ್ ಪ್ರತಿ ಎಲ್ಲವನ್ನೂ ಮರಳಿ ತೆಗೆಯಬಲ್ಲ. ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುವುದು ಲೇಸು.

ಕೊನೆಗೆ ನಮ್ಮಂಥ ವರದಿಗಾರರಿಗೆ ಒಂದು ಮಾತು. ನಾವು ಜನರ ಮನೆಗೆ ಹೋಗುತ್ತೇವೆ, ಅವರ ಕಷ್ಟದ ಫೋಟೋ ತೆಗೆಯುತ್ತೇವೆ, ಸುದ್ದಿಯಾದ ಮೇಲೆ ಅದನ್ನು ನಮ್ಮ ಡಿಸ್ಕಿನಲ್ಲಿ ಒಗೆದು ಮರೆಯುತ್ತೇವೆ. ಆ ಫೋಟೋ ನಮಗೆ ಒಂದು ದಿನದ ಸುದ್ದಿ. ಅವರಿಗೆ ಅದು ವರ್ಷಗಟ್ಟಲೆ ಬೇಕಾಗುವ ಕಾಗದ. ಅವರ ಪ್ರತಿ ಅವರ ಕೈಗೆ ಅವತ್ತೇ ಕೊಡಬೇಕು. ಆ ಹುಡುಗ ಕೇಳಿದ್ದ, ಕೊಟ್ಟೆವು. ಉಳಿದ ಮನೆಗಳವರು ಕೇಳಲಿಲ್ಲ, ನಾವು ಕೊಡಲಿಲ್ಲ.

ಸಿಕ್ಕ 150 ಫೋಟೋಗಳನ್ನು ಈಗ ಊರೂರಿಗೆ ಹೋಗಿ ಒಬ್ಬೊಬ್ಬರಿಗೇ ಕೊಡುತ್ತಿದ್ದೇವೆ. ಸಿಗದ 250 ಮನೆಗಳವರು ಯಾವತ್ತಾದರೂ ಬಂದು ಬಾಗಿಲು ಬಡಿದರೆ ಅವರಿಗೆ ಹೇಳಲು ನಮ್ಮ ಬಳಿ ಮಾತಿಲ್ಲ.