ಸರ್ಕಾರದ ವಕೀಲರನ್ನು ಜನರೇ ಆರಿಸಬೇಕೆ?

ಪರ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮತದಾರರು ಪಾಲಿಕೆ ಸದಸ್ಯರಿಂದ ಹಿಡಿದು ಸಂಸದರವರೆಗೆ ಎಲ್ಲರನ್ನೂ ಆರಿಸುತ್ತಾರೆ. ಅವರದೇ ತೆರಿಗೆ ದುಡ್ಡಿನಲ್ಲಿ ಹೈಕೋರ್ಟಿನಲ್ಲಿ ರಾಜ್ಯದ ಪರ ನಿಲ್ಲುವ ಅಡ್ವೊಕೇಟ್ ಜನರಲ್ ಯಾರಾಗಬೇಕೆಂದು ಮಾತ್ರ ಯಾರೂ ಅವರನ್ನು ಕೇಳುವುದಿಲ್ಲ. ಸಂವಿಧಾನದ 165ನೇ ವಿಧಿಯಂತೆ ನೇಮಿಸುವವರು ರಾಜ್ಯಪಾಲರು, ಹೆಸರು ಕಳಿಸುವುದು ಸರ್ಕಾರ. 2023ರಲ್ಲಿ ಸರ್ಕಾರ ಬದಲಾಯಿತು. ಪ್ರಭುಲಿಂಗ ನಾವದಗಿ ಹೋದರು, ಶಶಿಕಿರಣ ಶೆಟ್ಟಿ ಬಂದರು. ಇವರು ಜನರ ವಕೀಲರೋ, ಸಂಪುಟದ ವಕೀಲರೋ?

ಅಮೆರಿಕದ 43 ರಾಜ್ಯಗಳಲ್ಲಿ ಇಂಥ ಹುದ್ದೆಗೆ ಚುನಾವಣೆ ನಡೆಯುತ್ತದೆ. 1954ರಲ್ಲಿ ಅಲಬಾಮಾದ ಆಲ್ಬರ್ಟ್ ಪ್ಯಾಟರ್ಸನ್, ಫೀನಿಕ್ಸ್ ಸಿಟಿಯ ಜೂಜು ಅಡ್ಡೆಗಳನ್ನು ಮಟ್ಟ ಹಾಕುವೆನೆಂದು ಅಟಾರ್ನಿ ಜನರಲ್ ಸ್ಥಾನಕ್ಕೆ ನಿಂತು ಡೆಮಾಕ್ರಟಿಕ್ ಟಿಕೆಟ್ ಗೆದ್ದರು. ಅಲ್ಲಿ ಆಗ ಟಿಕೆಟ್ ಸಿಕ್ಕಿತೆಂದರೆ ಗೆದ್ದಂತೆಯೇ. ಜೂನ್ 18ರಂದು ಅವರನ್ನು ಗುಂಡಿಟ್ಟು ಕೊಂದರು. ಊರಿನಲ್ಲಿ ಸೇನಾಡಳಿತ ಬಂತು, ಅಡ್ಡೆಗಳು ಮುಚ್ಚಿದವು. ಅಂಥ ಎದೆಗಾರನನ್ನು ಯಾವ ಮುಖ್ಯಮಂತ್ರಿ ತಾನಾಗಿ ನೇಮಿಸುತ್ತಾರೆ?

ವಿರೋಧ

ಆ ಕೊಲೆಯಲ್ಲಿ ದೋಷಾರೋಪ ಬಂದದ್ದು ಹುದ್ದೆಯಲ್ಲಿದ್ದ ಅಟಾರ್ನಿ ಜನರಲ್ ಮೇಲೂ. ಅವರೂ ಮತ ಪಡೆದೇ ಬಂದವರು!

ಮುಂದೆ ಟಿಕೆಟ್ ಮಗ ಜಾನ್ ಪ್ಯಾಟರ್ಸನ್‌ಗೆ ಸಿಕ್ಕಿತು. ಅನುಕಂಪದ ಅಲೆ ನಮಗೇನು ಹೊಸದೇ? 1956ರಲ್ಲಿ, ಅಟಾರ್ನಿ ಜನರಲ್ ಆಗಿದ್ದ ಈ ಮಗ, ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಅಲಬಾಮಾದಲ್ಲಿ ಕೆಲಸ ಮಾಡದಂತೆ ಕೋರ್ಟಿನಿಂದ ತಡೆಯಾಜ್ಞೆ ತಂದರು. ಸದಸ್ಯರ ಪಟ್ಟಿ ಕೊಡಿ ಎಂದು ಪಟ್ಟು ಹಿಡಿದರು. 1958ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಅವರು ಗವರ್ನರ್ ಚುನಾವಣೆ ಗೆದ್ದರು. ಕಪ್ಪು ಜನರಲ್ಲಿ ಬಹುಪಾಲು ಮಂದಿಗೆ ಮತವೇ ಇರಲಿಲ್ಲ. ಮತ ಇದ್ದವರಿಗೆ ಬೇಕಾದ್ದನ್ನು ಕೊಟ್ಟರು, ಅಷ್ಟೇ.

ನಮ್ಮಲ್ಲಿ ನೋಡಿ. ಕಾವೇರಿಯ ವಿಚಾರದಲ್ಲಿ ‘ಈ ವಾದ ನಿಲ್ಲುವುದಿಲ್ಲ’ ಎಂದು ಸರ್ಕಾರಕ್ಕೆ ಹೇಳಬೇಕಾದವರು ಮಂಡ್ಯದಲ್ಲಿ ಮತ ಕೇಳಬೇಕಾದರೆ ಬಾಯಿ ಬಿಟ್ಟಾರೆಯೇ? 224 ಕ್ಷೇತ್ರ ಸುತ್ತುವ ಖರ್ಚು ಯಾರದು? ದುಡ್ಡು ಕೊಟ್ಟವರ ಮೇಲೇ ನಾಳೆ ಗಣಿ ಪ್ರಕರಣ ಬಂದರೆ?

ನೇಮಕಗೊಂಡವರೆಲ್ಲ ಬೆನ್ನೆಲುಬಿಲ್ಲದವರೂ ಅಲ್ಲ. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ, 2012ರಲ್ಲಿ ಬಿ.ವಿ. ಆಚಾರ್ಯ ಬಿಟ್ಟದ್ದು ಅಡ್ವೊಕೇಟ್ ಜನರಲ್ ಹುದ್ದೆಯನ್ನು, ಜಯಲಲಿತಾ ವಿರುದ್ಧದ ಪ್ರಕರಣದಲ್ಲಿ ಸರ್ಕಾರದ ಪರ ವಾದಿಸುವ ಹೊಣೆಯನ್ನಲ್ಲ.

ಬಡಾವಣೆಗೆ ಹೆಸರು ಕೊಟ್ಟ ನಿಜಲಿಂಗಪ್ಪನವರು ಚಿತ್ರದುರ್ಗದ ವಕೀಲರು, ಸಂವಿಧಾನ ಸಭೆಯ ಸದಸ್ಯರು. ಆ ಸಭೆ ಚುನಾವಣೆಯ ದಾರಿ ಹಿಡಿಯದ್ದು ಸರಿಯೆಂದೇ ನನ್ನ ಎಣಿಕೆ. ತಪ್ಪಿದ್ದರೆ ಅದು ‘ರಾಜ್ಯಪಾಲರು ಇಚ್ಛಿಸುವವರೆಗೆ’ ಎಂಬ ಅವಧಿಯಲ್ಲಿದೆ. ಟೆನೆಸ್ಸಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ 8 ವರ್ಷಕ್ಕೆಂದು ನೇಮಿಸುತ್ತದೆ. ಇಲ್ಲಿ 5 ವರ್ಷವಾದರೂ ಗಟ್ಟಿ ಮಾಡಲಿ.